ಶೆಲ್ಟಿ ಮರಿಗೆ ಮುಂಗಡ ಕೊಟ್ಟಾಗಿದೆ, ಈಗ ಅನುಮಾನ ಶುರುವಾಗಿದೆ

ತಂಗಾಳಿ
ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷ ಓದಿ, ಮನೆಯವರನ್ನೆಲ್ಲ ಒಪ್ಪಿಸಿ, ಕೊನೆಗೆ ಶೆಟ್‌ಲಂಡ್ ಶೀಪ್‌ಡಾಗ್ (ಶೆಲ್ಟಿ) ನಾಯಿಮರಿಯನ್ನೇ ತರೋದು ಅಂತ ತೀರ್ಮಾನ ಮಾಡಿದ್ವಿ. ಭಾನುವಾರ ಒಬ್ಬ ಬ್ರೀಡರ್ ಮನೆಗೆ ಹೋಗಿ ನೋಡಿ ಬಂದೆವು. ಐದು ಮರಿ, ಆರು ವಾರ ತುಂಬಿದೆ. ತಾಯಿ ಬ್ಲೂ ಮರ್ಲ್, ಅಂದರೆ ಬೂದು ಮೈಮೇಲೆ ಕಪ್ಪು ಮಚ್ಚೆ, ಬಹಳ ಸಾಧು, ತಾನಾಗೇ ಬಂದು ನಮ್ಮ ಕಾಲ ಹತ್ತಿರ ಕೂತಿತು. ತಂದೆ ಸೇಬಲ್ ಅಂತೆ, ಹೊಂಬಣ್ಣದ್ದು. ಅದು ಬೇರೆಯವರ ನಾಯಿ, ಅಲ್ಲಿರಲಿಲ್ಲ.

ಮರಿಗಳಲ್ಲಿ ಎರಡು ಬ್ಲೂ ಮರ್ಲ್, ಒಂದು ಸೇಬಲ್, ಒಂದು ಕಪ್ಪು-ಕಂದು-ಬಿಳಿ ಮೂರು ಬಣ್ಣದ್ದು. ಐದನೆಯದು ಹೆಚ್ಚುಕಡಿಮೆ ಪೂರ್ತಿ ಬಿಳಿ, ಬೆನ್ನಿನ ಮೇಲೆ ಮಾತ್ರ ಬೂದು ಮಚ್ಚೆ, ಕಣ್ಣು ತಿಳಿ ನೀಲಿ. "ಇದು ಅಪರೂಪದ ಬಣ್ಣ, ಇನ್ನಿಬ್ಬರು ಕೇಳ್ತಿದ್ದಾರೆ" ಅಂದರು. ಮಗಳು ಅದನ್ನ ಎತ್ತಿಕೊಂಡವಳು ಕೆಳಗೆ ಬಿಡಲೇ ಇಲ್ಲ. ಅಲ್ಲೇ ಮುಂಗಡ ಕೊಟ್ಟುಬಿಟ್ಟೆ.

ಮನೆಗೆ ಬಂದ ಮೇಲೆ ನಿದ್ದೆ ಬರ್ತಿಲ್ಲ. ಯಾವ ಪರೀಕ್ಷೆ ಆಗಿದೆ ಅಂತ ಕೇಳಿದ್ದಕ್ಕೆ "ಡಾಕ್ಟ್ರು ನೋಡಿದ್ದಾರೆ, ಎಲ್ಲಾ ಫಿಟ್" ಅಂದಿದ್ದರು. ಮುಂದಿನ ವಾರವೇ ತಗೊಂಡು ಹೋಗಿ ಅಂತಿದ್ದಾರೆ. ನಾನು ಇನ್ನೇನು ಕೇಳಬೇಕಿತ್ತು? ಗೊತ್ತಿದ್ದವರು ಹೇಳಿ.

ಹೊಸಿಲು
ಅಭಿನಂದನೆಗಳು! ಬಿಳಿ ಶೆಲ್ಟಿ ನಾನು ನೋಡೇ ಇಲ್ಲ. ಫೋಟೋ ಹಾಕಿ ಪ್ಲೀಸ್.

ಗೋಧೂಳಿ
ಫೋಟೋ ಆಮೇಲೆ. ತಂಗಾಳಿಯವರೇ, ಮೊದಲು ಒಂದು ಹೇಳಿ: ಆ ಮರಿಯ ತಲೆ ಯಾವ ಬಣ್ಣ? ಕಿವಿ? ಕಣ್ಣಿನ ಸುತ್ತ?

ತಂಗಾಳಿ
ತಲೆಯೂ ಬಿಳಿಯೇ. ಎರಡೂ ಕಿವಿ ಬಿಳಿ. ಒಂದು ಕಣ್ಣಿನ ಸುತ್ತ ಮಾತ್ರ ಸ್ವಲ್ಪ ಬೂದು. ಮೂಗಿನ ಮೇಲೆ ಗುಲಾಬಿ ಚುಕ್ಕೆ ಇದೆ.

ಕರಿಕಂಬಳಿ
ನೋಡ್ರಿ, ನಾ ನೇರ ಹೇಳ್ತೀನಿ. ಅಪ್ಪನ್ನ ತೋರ್ಸಂಗಿಲ್ಲ ಅಂದ್ರ ಅಲ್ಲೇ ಏನೋ ಐತಿ. ಮುಂಗಡ ಹೋದ್ರ ಹೋಗ್ಲಿ, ಬಿಟ್ಟು ಬರ್ರಿ.

ಗೋಧೂಳಿ
ಕರಿಕಂಬಳಿಯವರೇ, ತಂದೆ ಅಲ್ಲಿಲ್ಲ ಅನ್ನೋದೊಂದೇ ತಪ್ಪಲ್ಲ. ಒಳ್ಳೇ ಬ್ರೀಡರ್‌ಗಳು ತಮ್ಮ ಹೆಣ್ಣಿಗೆ ಹೊಂದುವ ಗಂಡನ್ನ ಹುಡುಕಿಕೊಂಡು ದೂರ ಹೋಗಿ ಕ್ರಾಸ್ ಮಾಡಿಸ್ತಾರೆ. ಮನೆಯಲ್ಲೇ ಗಂಡು ಹೆಣ್ಣು ಎರಡೂ ಇಟ್ಟುಕೊಂಡು ಪ್ರತಿ ಸಲ ಅದೇ ಜೋಡಿ ಕಟ್ಟೋರ ಮೇಲೇ ನನಗೆ ಹೆಚ್ಚು ಅನುಮಾನ. ಆದರೆ ಗಂಡಿನ ಹೆಸರು, ನೋಂದಣಿ ಸಂಖ್ಯೆ, ಫೋಟೋ, ಪರೀಕ್ಷೆಯ ವರದಿ ಇಷ್ಟನ್ನೂ ಕೊಡಲೇಬೇಕು. ಅದಿಲ್ಲ ಅಂದ್ರೆ ನೀವು ಹೇಳಿದ್ದೇ ಸರಿ.

ಈಗ ಬಿಳಿ ಮರಿಯ ವಿಷಯ. ನನ್ನ ಹತ್ತಿರ ಹದಿನಾಲ್ಕು ವರ್ಷದಿಂದ ಶೆಲ್ಟಿಗಳಿವೆ, ಈಗಿರೋದು ಮೂರನೆಯದು. ಶೆಲ್ಟಿಯಲ್ಲಿ ಬಿಳಿ ಎರಡು ದಾರಿಯಲ್ಲಿ ಬರುತ್ತೆ. ಒಂದು, ಮೈ ಬಿಳಿ, ತಲೆ ಮಾತ್ರ ಪೂರ್ತಿ ಬಣ್ಣದ್ದು. ಇದಕ್ಕೆ ಕಾರಣ ಬಿಳಿ ಮಚ್ಚೆಯ ಬೇರೆಯೇ ಜೀನು. ಪ್ರದರ್ಶನದಲ್ಲಿ ಗೆಲ್ಲಲ್ಲ, ಆದರೆ ತಲೆಯಲ್ಲಿ ಬಣ್ಣ ಇರೋದ್ರಿಂದ ಸಾಮಾನ್ಯವಾಗಿ ಕಿವಿ ಕಣ್ಣಿಗೆ ತೊಂದರೆ ಇರಲ್ಲ. ಎರಡನೆಯದು, ಮರ್ಲ್ ಜೀನಿನ ಎರಡು ಪ್ರತಿ, ಅಪ್ಪನಿಂದ ಒಂದು ಅಮ್ಮನಿಂದ ಒಂದು, ಒಂದೇ ಮರಿಗೆ ಬಂದಾಗ. ಇದನ್ನ ಡಬಲ್ ಮರ್ಲ್ ಅಂತೀವಿ. ಒಂದು ಪ್ರತಿ ಬಂದರೆ ಆ ಚೆಂದದ ಬೂದು ಮಚ್ಚೆ. ಎರಡು ಬಂದರೆ ಬಣ್ಣದ ಕೋಶಗಳು ಎಷ್ಟೋ ಕಡೆ ಇರೋದೇ ಇಲ್ಲ. ಅದೇ ಕೋಶಗಳು ಒಳಕಿವಿ ಕೆಲಸ ಮಾಡೋಕೂ ಬೇಕು.

ನೀವು ಬರೆದಿರೋ ಮರಿ, ಬಿಳಿ ತಲೆ, ಬಿಳಿ ಕಿವಿ, ತಿಳಿ ನೀಲಿ ಕಣ್ಣು, ಗುಲಾಬಿ ಮೂಗು, ಎರಡನೇ ಥರದ್ದು ಅಂತಲೇ ನನಗನ್ನಿಸ್ತಿದೆ.

ಹೊಸಿಲು
ಆದರೆ ತಂದೆ ಸೇಬಲ್ ಅಲ್ವಾ? ಇಬ್ಬರೂ ಮರ್ಲ್ ಆಗಿದ್ದರೆ ತಾನೇ ಈ ಸಮಸ್ಯೆ?

ಗೋಧೂಳಿ
ಅಲ್ಲೇ ಇರೋದು ಗುಟ್ಟು. ಸೇಬಲ್ ಅಂದ್ರೆ ಹೊಂಬಣ್ಣದಿಂದ ಕೆಂಪು ಮಿಶ್ರಿತ ಕಂದು. ಮರ್ಲ್ ಜೀನು ಮುಖ್ಯವಾಗಿ ಕಪ್ಪು ಬಣ್ಣವನ್ನ ತಿಳಿ ಮಾಡುತ್ತೆ, ಹೊಂಬಣ್ಣವನ್ನ ಅಷ್ಟಾಗಿ ಮುಟ್ಟಲ್ಲ. ಹಾಗಾಗಿ ಸೇಬಲ್ ನಾಯಿಯ ಮೈಯಲ್ಲಿ ಮರ್ಲ್ ಅಡಗಿ ಕೂತಿರಬಹುದು. ಹುಟ್ಟಿದಾಗ ಮಚ್ಚೆ ಕಾಣುತ್ತೆ, ಬೆಳೀತಾ ಬೆಳೀತಾ ಮಾಸಿ ಹೋಗುತ್ತೆ, ದೊಡ್ಡದಾದ ಮೇಲೆ ನೋಡಿದ್ರೆ ಮಾಮೂಲಿ ಸೇಬಲ್. ಒಂದು ಕಣ್ಣು ನೀಲಿ ಇದ್ದರೆ, ಕಣ್ಣಲ್ಲಿ ನೀಲಿ ಚೂರಿದ್ದರೆ, ಅದೊಂದು ಸುಳಿವು. ಖಚಿತ ಮಾಡೋದು ಡಿಎನ್‌ಎ ಪರೀಕ್ಷೆ ಮಾತ್ರ. ಮರ್ಲ್‌ನ ಜೀನು ಯಾವುದು ಅಂತ 2006ರಲ್ಲೇ ಗೊತ್ತಾಗಿದೆ, ಪರೀಕ್ಷೆಗೆ ಕೆನ್ನೆ ಒಳಗಿನ ಎಂಜಲು ಸಾಕು.

ಗಂಡಿನ ಫೋಟೋ ಕೇಳಿ. ಕಣ್ಣು ಸರಿಯಾಗಿ ಕಾಣೋ ಹಾಗಿರಲಿ.

ಬಿಡಾರ
ನಾನು ಕೇಳಬಾರದೇನೋ, ಆದರೂ ಕೇಳ್ತೀನಿ. ಆಶ್ರಯಧಾಮಗಳಲ್ಲಿ ನಾಯಿಗಳು ಜಾಗ ಇಲ್ಲದೆ ಒದ್ದಾಡ್ತಿರುವಾಗ ಹಣ ಕೊಟ್ಟು ತಳಿ ನಾಯಿ ತರೋದ್ಯಾಕೆ? ಈ ಡಬಲ್ ಮರ್ಲ್ ಅನ್ನೋ ಕಷ್ಟ ಹುಟ್ಟಿದ್ದೇ ಬಣ್ಣದ ಹುಚ್ಚಿನಿಂದ. ಬೇಡಿಕೆ ನಿಂತರೆ ಇದೂ ನಿಲ್ಲುತ್ತೆ.

ಕರಿಕಂಬಳಿ
ಅವ್ರು ಕೇಳಿದ್ದೇನು, ನೀವು ಹೇಳೂದೇನ್ರಿ?

ಬಿಡಾರ
ಸಂಬಂಧ ಇದೆ. ಆ ಮರಿ ನಾಳೆ ಕಿವುಡು ಅಂತ ಗೊತ್ತಾದ ಮೇಲೆ ಎಲ್ಲಿಗೆ ಬರುತ್ತೆ ಅಂದ್ಕೊಂಡಿದ್ದೀರಿ? ನಾನು ಸೇವೆ ಮಾಡೋ ಕಡೆಗೇ ಬರೋದು. ಹೋದ ವರ್ಷ ಅಂಥವೇ ಎರಡು ಬಂದಿದ್ದವು.

ಗೋಧೂಳಿ
ಬಿಡಾರ ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ನಾನೂ ಹಿಂದೆ ಒಂದು ಬೀದಿ ನಾಯಿ ಸಾಕಿದ್ದೆ, ಅದರ ಋಣ ತೀರಿಸೋಕಾಗಲ್ಲ. ಆದರೆ ಒಳ್ಳೇ ಬ್ರೀಡರ್ ಕರಾರಿನಲ್ಲಿ ಬರೆದುಕೊಡೋ ಮೊದಲನೇ ಮಾತೇ ಇದು: ಯಾವ ಕಾಲಕ್ಕೆ, ಯಾವ ಕಾರಣಕ್ಕೆ ನಿಮಗೆ ಸಾಕೋಕಾಗದಿದ್ದರೂ ನಾಯಿ ವಾಪಸ್ ನನ್ನ ಮನೆಗೇ ಬರಬೇಕು. ನನ್ನ ಎರಡನೇ ಶೆಲ್ಟಿ ಬಂದದ್ದು ಹಾಗೆಯೇ. ಏಳು ವರ್ಷದವಳಾಗಿದ್ದಾಗ ಹಳೇ ಮನೆಯವರು ಊರು ಬಿಟ್ಟರು, ಬ್ರೀಡರ್ ತಾವೇ ಹೋಗಿ ಕರ್ಕೊಂಡು ಬಂದು ನನಗೆ ಕೊಟ್ಟರು. ಆಶ್ರಯಧಾಮದ ಬಾಗಿಲು ಅವಳು ನೋಡಲೇ ಇಲ್ಲ. ತಂಗಾಳಿಯವರೇ, ನಿಮ್ಮ ಬ್ರೀಡರ್ ಕರಾರು ಅಂತ ಏನಾದರೂ ಕೊಟ್ಟಿದ್ದಾರಾ?

ತಂಗಾಳಿ
ಇಲ್ಲ. ಮುಂಗಡಕ್ಕೆ ರಸೀದಿ ಮಾತ್ರ.

ಗಿಡ್ಡಕಾಲು
ಶೆಲ್ಟಿ ಬಿಟ್ಟು ಕಾರ್ಗಿ ತಗೊಳ್ಳಿ, ಇಷ್ಟೆಲ್ಲ ತಲೆನೋವೇ ಇರಲ್ಲ. ಅದೂ ದನ ಕಾಯೋ ನಾಯಿಯೇ, ಎತ್ತರ 10ರಿಂದ 12 ಇಂಚು, ಮಕ್ಕಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತೆ. ಶೆಲ್ಟಿ ಥರ ದಿನವಿಡೀ ಬೊಗಳಲ್ಲ.

ಕಡಲಕರೆ
ಮಾರಾಯ್ರೆ, ಕಾರ್ಗಿ ಬೊಗಳುವುದಿಲ್ಲ ಅಂತ ಹೇಳಿದ್ದು ಯಾರು? ನಮ್ಮ ಮನೆಯದ್ದನ್ನು ಎರಡು ದಿನ ನಿಮ್ಮಲ್ಲಿ ಬಿಟ್ಟು ಹೋಗುತ್ತೇನೆ, ಆಮೇಲೆ ಹೇಳಿ. ದನದ ಹಿಮ್ಮಡಿ ಕಚ್ಚಿ ಮುಂದೆ ಓಡಿಸುವುದಕ್ಕೆ ಬೆಳೆಸಿದ ತಳಿ ಅದು. ದನ ಒದ್ದರೆ ಕಾಲು ತಲೆಯ ಮೇಲಿಂದ ಹೋಗಲಿ ಅಂತಲೇ ಆ ಗಿಡ್ಡ ಮೈ ಅನುಕೂಲ. ಮನೆಯಲ್ಲಿ ದನ ಇಲ್ಲ, ಮಕ್ಕಳಿದ್ದಾರೆ. ಮಕ್ಕಳು ಓಡಿದರೆ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಕೆಟ್ಟ ಬುದ್ಧಿ ಅಲ್ಲ, ಅದರ ಕೆಲಸವೇ ಅದು. ನಾವು ಆರು ತಿಂಗಳು ಕೂತು ಬಿಡಿಸಿದೆವು.

ತಲೆನೋವು ಇಲ್ಲ ಅನ್ನುವುದೂ ಸುಳ್ಳು. ಕಾಲು ಗಿಡ್ಡ ಆಗುವುದಕ್ಕೆ ಕಾರಣವಾದ ಜೀನನ್ನು 2009ರಲ್ಲಿ ಕಂಡುಹಿಡಿದರು. ಅದೇ ಜೀನಿನ ಇನ್ನೊಂದು ಪ್ರತಿ ಬೇರೆ ವರ್ಣತಂತುವಿನಲ್ಲಿ ಸೇರಿಕೊಂಡು ಬೆನ್ನೆಲುಬಿನ ನಡುವಿನ ಡಿಸ್ಕ್ ಬೇಗ ಗಟ್ಟಿಯಾಗುವ ಹಾಗೆ ಮಾಡುತ್ತದೆ ಅಂತ 2017ರಲ್ಲಿ ಗೊತ್ತಾಯಿತು. ಸೋಫಾದಿಂದ ಧುಮುಕಬಾರದು, ತೂಕ ಏರಬಾರದು. ಇನ್ನು ವಯಸ್ಸಾದ ಮೇಲೆ ಹಿಂಗಾಲು ಸೋಲುವ ನರದ ಕಾಯಿಲೆ ಬೇರೆ. ಅದಕ್ಕೂ ಡಿಎನ್‌ಎ ಪರೀಕ್ಷೆ ಉಂಟು. ಕಾರ್ಗಿ ತೆಗೆದುಕೊಂಡರೂ ಅಪ್ಪ ಅಮ್ಮನ ವರದಿ ಕೇಳಲೇಬೇಕು.

ಗಿಡ್ಡಕಾಲು
ಸರಿ, ಬೊಗಳುತ್ತೆ, ಒಪ್ಪಿದೆ. ಆದರೂ ಶೆಲ್ಟಿಗಿಂತ ಕಡಿಮೆ. ನಮ್ಮದಕ್ಕೆ ಹುಟ್ಟಿನಿಂದಲೇ ಬಾಲ ಮೋಟು, ಕತ್ತರಿಸಿದ್ದಲ್ಲ, ಅದೂ ಹೇಳಿಬಿಡ್ತೀನಿ.

ಕಡಲಕರೆ
ಕಾರ್ಗಿಯಲ್ಲಿ ಪೆಂಬ್ರೋಕ್, ಕಾರ್ಡಿಗನ್ ಅಂತ ಎರಡು ಉಂಟು. ಪೆಂಬ್ರೋಕ್‌ನಲ್ಲಿ ಹುಟ್ಟು ಮೋಟು ಬಾಲ ಇದೆ, ನಿಜ. ಆದರೆ ಎರಡು ಮೋಟು ಬಾಲದವನ್ನು ಜೋಡಿ ಮಾಡಬಾರದು, ಆ ಜೀನಿನ ಎರಡು ಪ್ರತಿ ಸಿಕ್ಕಿದ ಭ್ರೂಣ ಗರ್ಭದಲ್ಲೇ ಉಳಿಯುವುದಿಲ್ಲ. ಬ್ರೀಡರ್‌ಗೆ ಇದು ಗೊತ್ತಿದೆಯಾ ಅಂತ ಒಂದು ಪ್ರಶ್ನೆ ಹಾಕಿದರೆ ಸಾಕು, ಅವರಿಗೆ ಎಷ್ಟು ತಿಳಿದಿದೆ ಅಂತ ಗೊತ್ತಾಗುತ್ತದೆ. ಕಾರ್ಡಿಗನ್ ಕಾರ್ಗಿಗೆ ಉದ್ದ ಬಾಲವೇ ಇರುವುದು. ಎರಡನ್ನೂ ನಾಯಿ ತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ 1934ರಲ್ಲಿ ಬೇರೆ ಬೇರೆ ತಳಿ ಅಂತ ಒಪ್ಪಿಕೊಂಡದ್ದು.

ಹೊಸಿಲು
ಶೆಲ್ಟಿ ಯಾಕೆ ಅಷ್ಟು ಬೊಗಳುತ್ತೆ?

ಗೋಧೂಳಿ
ಅದರ ಹಿಂದಿನವರು ಶೆಟ್‌ಲಂಡ್ ದ್ವೀಪಗಳ ಸಣ್ಣ ಹಿಡುವಳಿಗಳಲ್ಲಿ ಇದ್ದದ್ದು. ಬೇಲಿ ಕಡಿಮೆ, ಕುರಿಗಳು ಬೆಳೆಗೆ ನುಗ್ಗದಂತೆ ಬೊಗಳಿ ಅಟ್ಟೋದೇ ಕೆಲಸ. ಮೊದಲು ಶೆಟ್‌ಲಂಡ್ ಕಾಲಿ ಅಂತಲೇ ಕರೀತಿದ್ದರು. ಕಾಲಿ ಅನ್ನೋ ದೊಡ್ಡ ಕುರಿನಾಯಿ ಸಾಕುವವರು ತಕರಾರು ತೆಗೆದದ್ದಕ್ಕೆ ಶೀಪ್‌ಡಾಗ್ ಅಂತ ಹೆಸರು ಬದಲಾಯ್ತು. ಈಗ ಕುರಿ ಇಲ್ಲದಿದ್ದರೆ ಸೈಕಲ್ಲು, ಹಕ್ಕಿ, ಕಿಟಕಿ ಹೊರಗಿನ ನೆರಳು. ಬೊಗಳೋದನ್ನ ಪೂರ್ತಿ ನಿಲ್ಲಿಸೋಕಾಗಲ್ಲ, "ಸಾಕು" ಅಂದಾಗ ನಿಲ್ಲಿಸೋದನ್ನ ಕಲಿಸಬಹುದು. ಪಕ್ಕದ ಮನೆ ಗೋಡೆಗೆ ಗೋಡೆ ಅಂಟಿಕೊಂಡಿದ್ದರೆ ಇದನ್ನ ಮೊದಲೇ ಯೋಚಿಸಿ.

ಸದ್ದಿಲ್ಲದ_ಮನೆ
ನಾನು ಇಲ್ಲಿ ಬರೆಯೋದು ಕಡಿಮೆ. ಈ ವಿಷಯ ನೋಡಿ ಸುಮ್ಮನಿರೋಕಾಗಲಿಲ್ಲ.

ಹನ್ನೊಂದು ವರ್ಷದ ಹಿಂದೆ ನಾನೂ ಅದೇ ಮಾತು ಕೇಳಿದ್ದೆ, ಅಪರೂಪದ ಬಿಳಿ ಅಂತ. ಮನೆಗೆ ತಂದ ಮೂರನೇ ದಿನ ಪ್ರೆಶರ್ ಕುಕ್ಕರ್ ಮುಚ್ಚಳ ಅವಳ ಹಿಂದೆಯೇ ಬಿತ್ತು. ಮಲಗಿದ್ದವಳು ಕಣ್ಣೂ ತೆರೆಯಲಿಲ್ಲ. ಆವತ್ತು ನಾನು ಅಡುಗೆಮನೆ ನೆಲದ ಮೇಲೇ ಕೂತುಬಿಟ್ಟೆ. ಎರಡೂ ಕಿವಿ ಕೇಳಲ್ಲ ಅಂತ ಆಮೇಲೆ ಪರೀಕ್ಷೆಯಲ್ಲಿ ಗೊತ್ತಾಯ್ತು. ಒಂದು ಕಣ್ಣು ಸಣ್ಣದು, ಅದರಲ್ಲಿ ಬೆಳಕು ಮಾತ್ರ ಗೊತ್ತಾಗ್ತಿತ್ತು. ಬ್ರೀಡರ್‌ಗೆ ಫೋನ್ ಮಾಡಿದೆ. "ಬೇಕಿದ್ರೆ ಬೇರೆ ಮರಿ ಕೊಡ್ತೀನಿ, ಅದನ್ನ ವಾಪಸ್ ತನ್ನಿ" ಅಂದರು. ವಾಪಸ್ ಕೊಟ್ಟರೆ ಅದರ ಗತಿ ಏನಾಗಬಹುದು ಅಂತ ಹೊಳೆದಿತ್ತು, ಕೊಡಲಿಲ್ಲ.

ಅವಳು ಒಳ್ಳೇ ನಾಯಿಯಾಗಿಯೇ ಬಾಳಿದಳು. ಕೈಸನ್ನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಾತು ಕಲಿತಳು. ರಾತ್ರಿ ಕರೆಯೋಕೆ ವರಾಂಡದ ದೀಪ ಎರಡು ಸಲ ಹಾಕಿ ಆರಿಸ್ತಿದ್ದೆ. ಮಲಗಿದ್ದಾಗ ಹಿಂದಿನಿಂದ ಯಾರೂ ಮುಟ್ಟಬಾರದು, ಬೆಚ್ಚಿ ಬಾಯಿ ಹಾಕ್ತಿದ್ದಳು. ಬಯಲಲ್ಲಿ ಹಗ್ಗ ಬಿಚ್ಚಿ ಬಿಟ್ಟದ್ದು ಅಂತ ಇಡೀ ಆಯಸ್ಸಿನಲ್ಲಿ ಒಂದು ಸಲವೂ ಇಲ್ಲ. ನಾನು ಕೂಗಿದರೆ ಕೇಳಲ್ವಲ್ಲ. ಓಡೋಕೆ ಹುಟ್ಟಿದ ತಳಿ ಅದು.

ಈ ವರ್ಷ ಹೋದಳು. ಅವಳನ್ನ ತಂದದ್ದಕ್ಕೆ ನನಗೆ ಬೇಸರವಿಲ್ಲ. ಅವಳನ್ನ ಹಾಗೆ ಹುಟ್ಟಿಸಿದ್ದಕ್ಕೆ ಇವತ್ತಿಗೂ ಸಿಟ್ಟಿದೆ.

ಬಿಡಾರ
ಓದಿ ಕಣ್ಣು ತುಂಬಿತು. ನಿಮ್ಮಂಥವರು ಬೇಕು ನಮಗೆ.

ಕರಿಕಂಬಳಿ
ಎಂಥಾ ಜೀವ ಸಾಕೀರಿ ಅಕ್ಕಾರ. ದೊಡ್ಡ ಕೆಲಸ.

ಪಶುವೈದ್ಯೆ_ಒಬ್ಬಳು
ಸ್ವಲ್ಪ ಲೆಕ್ಕ ಸರಿ ಮಾಡ್ತೀನಿ, ಯಾಕಂದ್ರೆ ಎಲ್ಲ ಡಬಲ್ ಮರ್ಲ್‌ಗಳೂ ಕಿವುಡು ಅಂತ ಯಾರೂ ತಿಳಿದುಕೊಳ್ಳಬಾರದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 153 ಮರ್ಲ್ ನಾಯಿಗಳ ಕಿವಿ ಪರೀಕ್ಷೆ ಮಾಡಿದ್ದರು. ಜೀನಿನ ಎರಡು ಪ್ರತಿ ಇದ್ದವುಗಳಲ್ಲಿ ಶೇ. 10ಕ್ಕೆ ಒಂದು ಕಿವಿ, ಶೇ. 15ಕ್ಕೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಅಂದರೆ ನಾಲ್ಕರಲ್ಲಿ ಒಂದಕ್ಕೆ ತೊಂದರೆ. ಒಂದೇ ಪ್ರತಿ ಇದ್ದವುಗಳಲ್ಲಿ ಎರಡೂ ಸೇರಿ ಶೇ. 4ಕ್ಕಿಂತ ಕಡಿಮೆ. ಕಣ್ಣಿನ ದೋಷ ಬೇರೆ ಲೆಕ್ಕ.

ತಂಗಾಳಿಯವರೇ, ಮನೆಯಲ್ಲಿ ಚಪ್ಪಾಳೆ ತಟ್ಟಿ ನೋಡೋದನ್ನ ನಂಬಬೇಡಿ. ಗಾಳಿ ಅಲುಗಿದ್ದಕ್ಕೆ, ನೆಲ ಅದುರಿದ್ದಕ್ಕೆ, ಪಕ್ಕದ ಮರಿ ತಿರುಗಿದ್ದಕ್ಕೆ ಕಿವುಡು ಮರಿಯೂ ತಿರುಗುತ್ತೆ. ಒಂದೇ ಕಿವಿ ಕೇಳದಿದ್ದರಂತೂ ಮನೆಯಲ್ಲಿ ಗೊತ್ತೇ ಆಗಲ್ಲ. ಮೆದುಳಿನ ಸಂಕೇತ ಅಳೆಯೋ ಬೇಯರ್ ಪರೀಕ್ಷೆ ಇದೆ, ಐದು ವಾರ ಕಳೆದ ಮರಿಗೆ ಮಾಡಬಹುದು. ನೋವಿಲ್ಲ, ಸ್ವಲ್ಪ ಹೊತ್ತಿನ ಕೆಲಸ.

ಕಣ್ಣಿನ ಇನ್ನೊಂದು ವಿಷಯ, ಇದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಕಾಲಿ ಜಾತಿಯ ನಾಯಿಗಳಲ್ಲಿ ಕಣ್ಣಿನ ಹಿಂಪದರ ಸರಿಯಾಗಿ ಬೆಳೆಯದಿರೋ ವಂಶಪಾರಂಪರ್ಯ ದೋಷ ಇದೆ, ಶೆಲ್ಟಿಯಲ್ಲೂ ಬರುತ್ತೆ. ಇದನ್ನ ಕಣ್ಣಿನ ತಜ್ಞರು ಆರರಿಂದ ಎಂಟು ವಾರದೊಳಗೇ ನೋಡಬೇಕು. ಆಮೇಲೆ ಬಣ್ಣದ ಪದರ ಬೆಳೆದು ಸಣ್ಣ ದೋಷವನ್ನ ಮುಚ್ಚಿಬಿಡುತ್ತೆ. ಮೂರು ತಿಂಗಳಿಗೆ ತೋರಿಸಿದರೆ ಕಣ್ಣು ಸರಿಯಾಗಿದೆ ಅಂತ ಬರಬಹುದು, ಜೀನು ಒಳಗೇ ಇರುತ್ತೆ. "ಡಾಕ್ಟ್ರು ನೋಡಿದ್ದಾರೆ" ಅಂದರೆ ಸಾಮಾನ್ಯವಾಗಿ ಎದೆಬಡಿತ, ಹೊಟ್ಟೆ, ಜ್ವರ, ಲಸಿಕೆ. ಅದು ಬೇರೆ, ಇದು ಬೇರೆ.

ಕೊನೆಯದು ಎಂಡಿಆರ್‌1 ಜೀನು. ಅದು ಕೆಟ್ಟಿದ್ದರೆ ಕೆಲವು ಔಷಧಿಗಳು ಮೆದುಳಿಗೆ ನುಗ್ಗುತ್ತವೆ. ಕಜ್ಜಿಗೆ ಕೊಡೋ ಹೆಚ್ಚಿನ ಪ್ರಮಾಣದ ಐವರ್‌ಮೆಕ್ಟಿನ್, ಭೇದಿಗೆ ಕೊಡೋ ಲೋಪೆರಮೈಡ್, ಇವು ಪ್ರಾಣಕ್ಕೇ ಕುತ್ತು. ಕಾಲಿಗಳಷ್ಟು ಅಲ್ಲದಿದ್ದರೂ ಶೆಲ್ಟಿಗಳಲ್ಲೂ ಇದೆ. ಮರಿ ಎಲ್ಲಿಂದಲೇ ತನ್ನಿ, ಈ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನ ನಿಮ್ಮ ವೈದ್ಯರ ಕಡತದಲ್ಲಿ ಬರೆಸಿ.

ಹೊಸಿಲು
ಏಳನೇ ವಾರಕ್ಕೇ ಕರ್ಕೊಂಡು ಹೋಗಿ ಅಂತಿದ್ದಾರಲ್ಲ, ಅದು ಸರಿನಾ?

ಪಶುವೈದ್ಯೆ_ಒಬ್ಬಳು
ಎಂಟು ವಾರ ತುಂಬಲಿ. ಕಚ್ಚಿದರೆ ನೋಯುತ್ತೆ ಅಂತ ಮರಿ ಕಲಿಯೋದೇ ತಾಯಿಯಿಂದ, ಒಡಹುಟ್ಟಿದವರಿಂದ. ಹಿಮ್ಮಡಿಗೆ ಬಾಯಿ ಹಾಕೋ ಈ ಗುಂಪಿನ ನಾಯಿಗಳಿಗೆ ಆ ಪಾಠ ಇನ್ನೂ ಮುಖ್ಯ.

ನೆರಳು
ನನ್ನ ಅನುಭವ ಬೇರೆ. ಪೇಪರ್, ಪರೀಕ್ಷೆ ಎಲ್ಲ ಪಕ್ಕಾ ಇದ್ದ ಕಡೆಯಿಂದಲೇ ತಂದೆ, ಆದರೂ ನಾಯಿ ಮಹಾ ಪುಕ್ಕಲು. ಗೇಟ್ ಸದ್ದಾದರೆ ಮಂಚದಡಿ. ಕಾರಣ ಆಮೇಲೆ ಗೊತ್ತಾಯ್ತು, ಮರಿಗಳನ್ನ ಮನೆಯಿಂದ ದೂರ ಹಿತ್ತಲ ಕೋಣೆಯಲ್ಲಿ ಬೆಳೆಸಿದ್ದರು. ಮೂರರಿಂದ ಹನ್ನೆರಡು ವಾರದೊಳಗೆ ಮಿಕ್ಸಿ ಸದ್ದು, ಮಕ್ಕಳು, ಛತ್ರಿ, ಮೆಟ್ಟಿಲು ಇದನ್ನೆಲ್ಲ ನೋಡದ ಮರಿಗೆ ಆಮೇಲೆ ಕಲಿಸೋದು ಬಹಳ ಕಷ್ಟ. ಅದರಲ್ಲೂ ಶೆಲ್ಟಿ ಮೊದಲೇ ಸೂಕ್ಷ್ಮ. ಮರಿಗಳು ಮನೆಯೊಳಗೆ ಎಲ್ಲಿ ಮಲಗ್ತವೆ ಅಂತ ನೋಡಿ. ತಾಯಿಯ ಸ್ವಭಾವ ನೋಡಿ. ನೂಲಿನಂತೆ ಸೀರೆ ಅನ್ನೋದು ಇಲ್ಲಿ ನೂರಕ್ಕೆ ನೂರು ನಿಜ.

ಗಿಡ್ಡಕಾಲು
ಮಿನಿ ಶೆಲ್ಟಿ ಅಂತಲೂ ಮಾರ್ತಾರಲ್ಲ, ಅದು?

ಗೋಧೂಳಿ
ಅಂಥ ತಳಿ ಇಲ್ಲ. ಅಮೆರಿಕನ್ ಕೆನಲ್ ಕ್ಲಬ್ ಮಾನದಂಡದಲ್ಲಿ ಶೆಲ್ಟಿಯ ಎತ್ತರ ಭುಜಕ್ಕೆ 13ರಿಂದ 16 ಇಂಚು. ಅದಕ್ಕಿಂತ ಚಿಕ್ಕದನ್ನ ವಿಶೇಷ ಅಂತ ಮಾರೋದೂ "ಅಪರೂಪದ ಬಿಳಿ" ಅನ್ನೋದೂ ಒಂದೇ ಜಾತಿಯ ಮಾತು.

ತಂಗಾಳಿ
ಗಂಡಿನ ಫೋಟೋ ಬಂತು. ಎರಡು ದಿನ ಕೇಳಿದ ಮೇಲೆ ಕಳಿಸಿದರು. ಹೊಂಬಣ್ಣದ ಚೆಂದದ ನಾಯಿ. ದೊಡ್ಡದು ಮಾಡಿ ನೋಡಿದೆ, ಬಲಗಣ್ಣಿನ ಕೆಳಭಾಗ ನೀಲಿ.

ಗೋಧೂಳಿ
ಅಯ್ಯೋ.

ಕರಿಕಂಬಳಿ
ಗೊತ್ತಿದ್ದು ಮಾಡ್ಯಾರೋ ಗೊತ್ತಿಲ್ದ ಮಾಡ್ಯಾರೋ?

ತಂಗಾಳಿ
ಅದೇ ನನಗೂ ತಿಳೀಲಿಲ್ಲ. ಫೋನ್ ಮಾಡಿ ನಿಧಾನಕ್ಕೆ ಹೇಳಿದೆ, ಗಂಡಿನ ಮರ್ಲ್ ಪರೀಕ್ಷೆ ಮಾಡಿಸಿ, ಮರಿಗಳಿಗೆ ಬೇಯರ್ ಮಾಡಿಸಿ, ಖರ್ಚು ಬೇಕಾದರೆ ನಾನೇ ಕೊಡ್ತೀನಿ ಅಂತ. ಮೊದಲು "ಸೇಬಲ್‌ನಲ್ಲಿ ಮರ್ಲ್ ಎಲ್ಲಿಂದ ಬರುತ್ತೆ" ಅಂದರು. ಆಮೇಲೆ ಧ್ವನಿ ಬದಲಾಯ್ತು. "ನಿಮಗೆ ನಂಬಿಕೆ ಇಲ್ಲದ ಮೇಲೆ ಬೇಡ ಬಿಡಿ." ಸಂಜೆಯೊಳಗೆ ಮುಂಗಡ ಪೂರ್ತಿ ವಾಪಸ್ ಬಂತು.

ಬಿಡಾರ
ದುಡ್ಡು ಬಂತಲ್ಲ, ಅಷ್ಟಾದರೂ ಆಯ್ತು. ಬಿಳಿ ಮರಿ?

ತಂಗಾಳಿ
ಮಾರನೇ ದಿನ ಕೇಳಿದೆ. ಬೇರೆಯವರು ತಗೊಂಡು ಹೋದರಂತೆ. ಯಾರು ಅಂತ ಹೇಳಲ್ಲ ಅಂದರು. ಅವರಿಗೆ ಕಿವಿ ಪರೀಕ್ಷೆ ಮಾಡಿಸೋಕೆ ಹೇಳಿ ಅಂತ ಬೇಡಿಕೊಂಡೆ. ಫೋನ್ ಇಟ್ಟರು.

ಮಗಳು ದಿನಾ ಕೇಳ್ತಾಳೆ. ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ.

ನೆರಳು
ನೀವು ಮಾಡಬೇಕಾದ್ದು ಮಾಡಿದ್ದೀರಿ.

ಬಿಡಾರ
ನಾನು ಮೊದಲು ಖಾರವಾಗಿ ಬರೆದಿದ್ದೆ. ಖರ್ಚು ನಾನೇ ಕೊಡ್ತೀನಿ ಅಂದಿರಲ್ಲ, ಅದು ಎಲ್ಲರೂ ಹೇಳೋ ಮಾತಲ್ಲ.

ತಂಗಾಳಿ
ಒಂದು ತಿಂಗಳಾದ ಮೇಲೆ ಬರೀತಿದ್ದೀನಿ. ಇನ್ನೊಬ್ಬ ಬ್ರೀಡರ್ ಸಿಕ್ಕಿದ್ದಾರೆ. ಎರಡು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕಿಸ್ತಾರೆ, ಈಗ ಮರಿ ಇಲ್ಲ, ಕಾಯಬೇಕು. ತಾಯಿ ಸೇಬಲ್, ಮೂರು ವರ್ಷ. ಕಣ್ಣು, ಸೊಂಟ, ಮರ್ಲ್, ಎಂಡಿಆರ್‌1 ವರದಿಗಳನ್ನ ನಾನು ಕೇಳೋ ಮೊದಲೇ ಕಳಿಸಿದರು. ಜೊತೆಗೆ ನನಗೇ ಎರಡು ಪುಟ ಪ್ರಶ್ನೆ. ಬೇಲಿ ಎಷ್ಟೆತ್ತರ, ಹಗಲು ಮನೇಲಿ ಯಾರಿರ್ತಾರೆ, ದಿನಾ ಬಾಚೋಕೆ ಯಾರು, ಬೊಗಳೋದಕ್ಕೆ ಪಕ್ಕದವರು ಏನಂತಾರೆ.

ನಮ್ಮ ಮನೆ ವಾರದಲ್ಲಿ ಮೂರು ದಿನ ಐದು ಗಂಟೆ ಹೊತ್ತು ಖಾಲಿ ಇರುತ್ತೆ. ಹಾಗೇ ಬರೆದರೆ ಮರಿ ಕೊಡಲ್ವೇನೋ ಅಂತ ಭಯ.

ಗೋಧೂಳಿ
ಇದ್ದದ್ದು ಇದ್ದ ಹಾಗೆ ಬರೀರಿ. ಐದು ಗಂಟೆಗೆ ಏನು ವ್ಯವಸ್ಥೆ ಮಾಡ್ತೀರಿ ಅನ್ನೋದನ್ನೂ ಬರೀರಿ. ನನ್ನ ಬ್ರೀಡರ್ ನನ್ನನ್ನ ಒಂದು ವರ್ಷ ಕಾಯಿಸಿದ್ದರು, ಆ ವರ್ಷದಲ್ಲಿ ನಾಲ್ಕು ಸಲ ಅವರ ನಾಯಿಗಳ ಜೊತೆ ಕೂತು ಬಂದೆ. ಮರಿ ಬಂದಾಗ ಅದರ ಅಜ್ಜಿಯೂ ನನಗೆ ಪರಿಚಯ.

ಕಡಲಕರೆ
ಆ ಮೂರು ದಿನಕ್ಕೆ ಮಧ್ಯಾಹ್ನ ಯಾರಾದರೂ ಬಂದು ಹೋಗುವ ಹಾಗೆ ಮಾಡಿ. ಮರಿ ಇರುವಾಗ ಐದು ಗಂಟೆ ಒಟ್ಟಿಗೆ ಆಗುವುದಿಲ್ಲ ಮಾರಾಯ್ರೆ.

ತಂಗಾಳಿ
ಅತ್ತೆ ಒಪ್ಪಿದ್ದಾರೆ. ಹಾಗೇ ಬರೀತೀನಿ.

ಸದ್ದಿಲ್ಲದ_ಮನೆ
ಆ ಬಿಳಿ ಮರಿ ತಗೊಂಡು ಹೋದವರು ಯಾವತ್ತಾದರೂ ಹುಡುಕುತ್ತಾ ಇಲ್ಲಿಗೆ ಬರಬಹುದು, ಅವರಿಗೆ ಬರೆದಿಡ್ತೀನಿ. ಬೇಯರ್ ಮಾಡಿಸಿ. ಕೇಳಲ್ಲ ಅಂತ ಬಂದರೆ ಹೆದರಬೇಡಿ. ಮೊದಲು ಕಲಿಸಬೇಕಾದ್ದು "ಕೂತ್ಕೋ" ಅಲ್ಲ, "ನನ್ನ ಕಡೆ ನೋಡು" ಅನ್ನೋದು. ಭುಜದ ಮೇಲೆ ಎರಡು ಬೆರಳಿಂದ ಮೆಲ್ಲಗೆ ತಟ್ಟಿ, ತಿರುಗಿ ನೋಡಿದ ಕೂಡಲೇ ತಿನ್ನೋಕೆ ಏನಾದರೂ ಕೊಡಿ. ಎಚ್ಚರ ಇದ್ದಾಗ ಮಾತ್ರ ತಟ್ಟಿ. ಮಲಗಿದ್ದರೆ ಮೂಗಿನ ಹತ್ತಿರ ಕೈ ಹಿಡಿದು, ನಿಮ್ಮ ವಾಸನೆಗೆ ತಾನಾಗೇ ಏಳಲಿ ಬಿಡಿ. ಮಿಕ್ಕದ್ದು ಇಲ್ಲೇ ಕೇಳಿ, ನಾನು ಹೇಳಿಕೊಡ್ತೀನಿ.